ಅಮೀಬೆಯ ಆಹಾರವೂ ಅದರ ಉಗ್ರತೆಯೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು ಬಲ್ಲ ಶ್ರೋತೃಗಳಿಗೆ ಅಮೃತಮಹಲ್ ಕಾವಲುಗಳು ಹೊಸವಲ್ಲ. ಕಾವಲಿನ ಬಯಲಿನಲ್ಲಿ ತಾನೇ ಮೇದು ಬೆಳೆದ ಹೋರಿಯ ಬಳಿಗೆ ಅಪರಿಚಿತನು ಹೋಗಲಾರನು. ಅದೇ ತಳಿಯ ಹೋರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಹಿಂಡಿ ಬೂಸ ತಿನ್ನಿಸಿ ಸಾಕಿದರೆ ಮಕ್ಕಳೂ ಅದರ ಮೈ ತಡವಬಹುದು. ತಳಿಯೊಂದೇ, ಬಾಳಿದ ಬಗೆ ಬೇರೆ. ಕಣ್ಣಿಗೆ ಕಾಣದ ಒಂದು ಜೀವಿಯಲ್ಲಿಯೂ ಇಂತಹುದೇ ವಿಚಿತ್ರವುಂಟು.

ರಕ್ತಭೇದಿಗೆ ಕಾರಣವಾದ ಅಮೀಬೆಯನ್ನು 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯರಾದ ಲೋಶ್ ವರ್ಣಿಸಿದರು. 1903ರಲ್ಲಿ ಷೌಡಿನ್ ಅದಕ್ಕೆ ಎಂಟಮೀಬಾ ಹಿಸ್ಟೊಲಿಟಿಕಾ ಎಂದು ಹೆಸರಿಟ್ಟರು. ಅಂಗಾಂಶವನ್ನು ಕರಗಿಸುವುದೆಂದು ಅದರ ಅರ್ಥ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಗಳನ್ನು ನುಂಗುತ್ತ ಅದು ಬಾಳುತ್ತದೆ. ಸೋಂಕು ತಗಲಿದ ಬಹುಮಂದಿಗೆ ಬಾಧೆಯೇ ಇಲ್ಲ. ಕೆಲವರಲ್ಲಿ ಮಾತ್ರ ಕರುಳಿನ ಗೋಡೆಯನ್ನು ಕೊರೆದು, ರಕ್ತದೊಡನೆ ಯಕೃತ್ತನ್ನು ಸೇರಿ, ಅಲ್ಲಿ ಕುರುವನ್ನೆಬ್ಬಿಸುತ್ತದೆ.

ಮೊದಲು ಪ್ರಯೋಗಶಾಲೆಗಳಲ್ಲಿ ಈ ಅಮೀಬೆಯನ್ನು ಬ್ಯಾಕ್ಟೀರಿಯಗಳ ಜೊತೆಯಲ್ಲಿಯೇ ಬೆಳೆಸಬೇಕಾಗಿತ್ತು. 1961ರಲ್ಲಿ ಅಮೆರಿಕದ ಲೂಯಿ ಡೈಮಂಡ್ ಅದನ್ನು ಒಂಟಿಯಾಗಿ ಬೆಳೆಸುವ ಪೋಷಕದ್ರವವನ್ನು ಸಿದ್ಧಪಡಿಸಿದರು. 1978ರಲ್ಲಿ ಅವರ ತಂಡವು ಪ್ರಕಟಿಸಿದ ದ್ರವದಲ್ಲಿ ಹಾಲಿನ ಕೇಸೀನು, ಯೀಸ್ಟಿನ ಸಾರ, ಗ್ಲೂಕೋಸು, ಕಬ್ಬಿಣದ ಲವಣ, ಹಸುವಿನ ರಕ್ತದ ಸೀರಮ್ಮು ಇವೆಲ್ಲ ಸೇರಿದ್ದುವು. ಇಂತಹ ಸಮೃದ್ಧಿಯಲ್ಲಿ ಅಮೀಬೆ ಚೆನ್ನಾಗಿ ವೃದ್ಧಿಯಾಯಿತು. ಆದರೆ ಬಹುಕಾಲ ಹೀಗೆ ಬೆಳೆದ ತಳಿಗಳನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂತಹ ಪ್ರಾಣಿಯ ಯಕೃತ್ತಿಗೆ ಚುಚ್ಚಿದರೆ ಕುರುವೇಳುವುದು ಕಡಮೆಯಾಯಿತು. ಉಂಡು ಕೊಬ್ಬಿದ ಅಮೀಬೆ ಸಾಧುವಾಗಿತ್ತು!

ಆದರೆ ಆ ಸಾಧುತ್ವ ಶಾಶ್ವತವಲ್ಲ. ಪೋಷಕದ್ರವಕ್ಕೆ ಕೊಲೆಸ್ಟರಾಲನ್ನು ಸೇರಿಸಿದರೂ, ಹ್ಯಾಮ್‌ಸ್ಟರಿನ ಯಕೃತ್ತಿನ ಮೂಲಕ ಹಾಯಿಸಿದರೂ ಉಗ್ರತೆ ಮರಳುವುದೆಂದು 1976ರಲ್ಲಿ ದಾಸ್ ಮತ್ತು ಘೋಷಾಲ್ ತೋರಿಸಿದರು. ಜೀವಂತ ಬ್ಯಾಕ್ಟೀರಿಯಗಳ ಸಹವಾಸವೂ ಅದನ್ನು ಕೆರಳಿಸಬಲ್ಲುದು. ಹಾಗಾದರೆ ಶಕ್ತಿ ನಾಶವಾಗಿರಲಿಲ್ಲ, ಅಡಗಿತ್ತು ಎಂದಾಯಿತು. ಆದುದರಿಂದ ಒಂದು ತಳಿಯನ್ನು ನಿರಪಾಯವೆನ್ನುವ ಮುನ್ನ, ಅದು ಏನನ್ನುಂಡು ಬೆಳೆಯಿತೆಂದು ಕೇಳಬೇಕು.

ಇದನ್ನು ಕೇಳಿ ಚಳ್ಳಕೆರೆಯ ಕಡಲೆಕಾಯಿ ಎಣ್ಣೆಗೆ ಯಾರೂ ಹೆದರಬೇಕಾದುದಿಲ್ಲ. ಅದರಲ್ಲಿ ಕೊಲೆಸ್ಟರಾಲೇ ಇಲ್ಲ. ಗಾಜಿನ ನಳಿಕೆಯ ನಿಯಮವು ನಮ್ಮ ತಟ್ಟೆಯ ನಿಯಮವೂ ಅಲ್ಲ. ಹೆದರಬೇಕಾದುದು ಮಲ ಬೆರೆತ ನೀರಿಗೆ. ಮಳೆ ಅಪರೂಪವಾದ ಈ ತಾಲ್ಲೂಕುಗಳಲ್ಲಿ ನೀರನ್ನು ಕೂಡಿಟ್ಟು ಬಳಸುವುದು ಅನಿವಾರ್ಯ. ಅಮೀಬೆಯ ಕೋಶಗಳು ವಾಡಿಕೆಯ ಕ್ಲೋರಿನ್ನಿಗೆ ಜಗ್ಗದಿರಬಹುದು. ಕುದಿಯುವ ನೀರಿನಲ್ಲಿ ಉಳಿಯಲಾರವು. ಅಮೀಬೆ ಉಗ್ರವೋ ಸಾಧುವೋ ಎಂದು ಬಿಂದಿಗೆಯನ್ನು ನೋಡಿ ಹೇಳುವಂತಿಲ್ಲ. ನೀರನ್ನು ಕುದಿಸಿದ ಮನೆಗೆ ಆ ಪ್ರಶ್ನೆಯೇ ಬೇಡ.