26 ಜಾಗ, 172 ದಿನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಆರು ತಿಂಗಳಲ್ಲಿ ಒಂದೊಂದು ತಂಡವೂ 162 ಪಂದ್ಯ ಆಡಿ ಮುಗಿಸಬೇಕು. ವಾರಕ್ಕೆ ಆರು ದಿನ ಆಟ, ಕೆಲವು ವಾರ ಏಳೂ ದಿನ. ಆಡುವವರು ಮೈದಾನದಲ್ಲಿರುತ್ತಾರೆ. ಆದರೆ ಪ್ರತಿ ಸಂಜೆ ಅಲ್ಲಿ ಆಡಲು ತಯಾರಾದ 26 ಮಂದಿ ಇರುವಂತೆ ನೋಡಿಕೊಳ್ಳುವುದು ಬೇರೆಯದೇ ಒಂದು ಕಸುಬು. ಜನರಲ್ ಮ್ಯಾನೇಜರ್, ಅವರ ಸಹಾಯಕರು, ಕೆಳಹಂತದ ತಂಡಗಳ ನಿರ್ದೇಶಕರು, ನಿಯಮಗಳನ್ನು ಅರೆದು ಕುಡಿದ ಒಂದಿಬ್ಬರು ಸೇರಿ ಈ ಕೆಲಸ ಮಾಡುತ್ತಾರೆ. ಪ್ರೇಕ್ಷಕರಿಗೆ ಇವರ ಮುಖ ಕಾಣುವುದೇ ಅಪರೂಪ.

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂದಿಟ್ಟುಕೊಳ್ಳಿ. ಆಟ ಆರಂಭಿಸಿದ ಪಿಚರ್, ಅಂದರೆ ಚೆಂಡೆಸೆಯುವವನು, ಮೂರನೆಯ ಇನ್ನಿಂಗ್ಸ್‌ನಲ್ಲಿ ಮೊಣಕೈ ಹಿಡಿದುಕೊಂಡು ಹೊರನಡೆದ. ಉಳಿದ ಆಟವನ್ನು ಐವರು ರಿಲೀವರ್‌ಗಳು, ಎಂದರೆ ನಡುವೆ ಬಂದು ಎಸೆಯುವವರು, ಹಂಚಿಕೊಂಡು ಮುಗಿಸಿದರು. ಪೂರ್ಣ ಬಲ ಹಾಕಿ ಮೂವತ್ತು ನಲವತ್ತು ಚೆಂಡು ಎಸೆದ ತೋಳಿಗೆ ಒಂದೆರಡು ದಿನ ವಿಶ್ರಾಂತಿ ಬೇಕೇ ಬೇಕು. ಮರುದಿನ ಸಂಜೆ ಮತ್ತೆ ಪಂದ್ಯವಿದೆ. 26ರಲ್ಲಿ 13ಕ್ಕಿಂತ ಹೆಚ್ಚು ಪಿಚರ್‌ಗಳನ್ನು ಇಟ್ಟುಕೊಳ್ಳುವಂತಿಲ್ಲ. ಆ 13ರಲ್ಲಿ ಆರು ಮಂದಿ ನಾಳೆಗೆ ಒದಗುವುದಿಲ್ಲ.

ಕಚೇರಿಯಲ್ಲಿ ಲೆಕ್ಕ ಶುರುವಾಗುತ್ತದೆ. ಮೊದಲಿಗೆ ಗಾಯಾಳು. ಅವನನ್ನು ಗಾಯಾಳುಗಳ ಪಟ್ಟಿಗೆ ಸೇರಿಸಿದರೆ 26ರಲ್ಲಿ ಒಂದು ಜಾಗ ತೆರವಾಗುತ್ತದೆ. ಆದರೆ ಒಮ್ಮೆ ಆ ಪಟ್ಟಿ ಸೇರಿದ ಪಿಚರ್ ಕನಿಷ್ಠ 15 ದಿನ ಹೊರಗಿರಬೇಕು. ಬ್ಯಾಟರ್ ಆದರೆ 10 ದಿನ. ಮೂರೇ ದಿನಕ್ಕೆ ನೋವು ಹೋದರೆ ಮಿಕ್ಕ ದಿನಗಳು ನಷ್ಟವೇ. ವೈದ್ಯರ ಅಂದಾಜನ್ನೂ ನಾಳೆಯ ಅಗತ್ಯವನ್ನೂ ತೂಗಿ ನೋಡಿ ಹೂಂ ಅನ್ನಬೇಕು.

ಆಮೇಲೆ ಬದಲಿ ಆಟಗಾರ. ಕಾರ್ಡಿನಲ್ಸ್‌ನ ಕೆಳಹಂತದ, ಎಂದರೆ ಮೈನರ್ ಲೀಗ್‌ನ, ತಂಡಗಳಲ್ಲಿ ಅತ್ಯಂತ ಮೇಲಿನದು ಇರುವುದು ಮೆಂಫಿಸ್‌ನಲ್ಲಿ, ಅದೇ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ, ಸುಮಾರು 450 ಕಿ.ಮೀ. ದಕ್ಷಿಣಕ್ಕೆ. ಅಲ್ಲಿ ಹತ್ತು ಹದಿನೈದು ಪಿಚರ್‌ಗಳಿದ್ದಾರೆ ಎಂದುಕೊಂಡು ನೆಮ್ಮದಿಪಡುವಂತಿಲ್ಲ. ನಿನ್ನೆ ಅಲ್ಲಿ ಎಸೆದವನು ಇಲ್ಲಿಗೆ ಬಂದು ಪ್ರಯೋಜನವಿಲ್ಲ. ಒಂದೇ ಇನ್ನಿಂಗ್ಸ್‌ಗೆ ಸುಸ್ತಾಗುವವನೂ ಬೇಡ. ದಣಿದವರಿಗೆ ಬಿಡುವು ಕೊಡಲು ಮೂರು ನಾಲ್ಕು ಇನ್ನಿಂಗ್ಸ್ ಎಳೆಯಬಲ್ಲವನು ಬೇಕು. ಹೀಗೆ ಸೋಸುತ್ತ ಹೋದಾಗ ಇಬ್ಬರು ಮೂವರು ಉಳಿಯುತ್ತಾರೆ. ನಿಯಮಗಳು ಅಡ್ಡ ಬರುವುದು ಇಲ್ಲಿಂದ ಮುಂದೆ.

26ರ ಪಟ್ಟಿಯ ಹಿಂದೆ 40ರ ಪಟ್ಟಿಯೊಂದಿದೆ. ಮೇಜರ್ ಲೀಗ್‌ನಲ್ಲಿ ಆಡಬೇಕಾದರೆ ಮೊದಲು ಈ 40ರಲ್ಲಿ ಹೆಸರಿರಬೇಕು. ಆಡುತ್ತಿರುವ 26 ಮಂದಿಯ ಜೊತೆಗೆ ಮೈನರ್ ಲೀಗ್‌ನಲ್ಲಿದ್ದುಕೊಂಡೇ ಕರೆಗಾಗಿ ಕಾಯುವ ಹೆಚ್ಚೆಂದರೆ ಹದಿನಾಲ್ಕು ಮಂದಿ ಇದರಲ್ಲಿರುತ್ತಾರೆ. ಮೆಂಫಿಸ್‌ನಲ್ಲಿರುವ ಅತಿ ಸೂಕ್ತ ಪಿಚರ್‌ನ ಹೆಸರು 40ರಲ್ಲಿ ಇಲ್ಲದಿದ್ದರೆ, ಪಟ್ಟಿಯೂ ತುಂಬಿದ್ದರೆ, ಅಲ್ಲಿಂದ ಒಬ್ಬನನ್ನು ಇಳಿಸಲೇಬೇಕು. ತುಂಬಿದ ಬಸ್ಸಿನ ಹಾಗೆ ಇದು: ಒಬ್ಬ ಇಳಿಯದೆ ಇನ್ನೊಬ್ಬ ಹತ್ತುವಂತಿಲ್ಲ. ದೀರ್ಘಕಾಲದ ಗಾಯಾಳು ಯಾರಾದರೂ ಇದ್ದರೆ ಅವನನ್ನು 60 ದಿನಗಳ ಗಾಯಾಳು ಪಟ್ಟಿಗೆ ದಾಟಿಸಬಹುದು. ಆ ಪಟ್ಟಿಯಲ್ಲಿರುವವರು 40ರ ಲೆಕ್ಕಕ್ಕೆ ಬರುವುದಿಲ್ಲ. ಅಂಥವನಿಲ್ಲದಿದ್ದರೆ ಒಬ್ಬನನ್ನು ಪಟ್ಟಿಯಿಂದ ತೆಗೆದಿದ್ದೇವೆಂದು ಪ್ರಕಟಿಸಬೇಕಾಗುತ್ತದೆ. ಬೇಸ್‌ಬಾಲ್ ಮಂದಿ ಇದಕ್ಕೆ ಡಿಎಫ್‌ಎ ಎನ್ನುತ್ತಾರೆ. ಅಲ್ಲಿಂದ ಏಳು ದಿನದೊಳಗೆ ಅವನನ್ನು ಬೇರೆ ತಂಡಕ್ಕೆ ವಿನಿಮಯ ಮಾಡಬೇಕು, ಬಿಡುಗಡೆ ಮಾಡಬೇಕು, ಇಲ್ಲವೇ ‘ವೇವರ್’ಗೆ ಹಾಕಬೇಕು. ವೇವರ್‌ಗೆ ಹಾಕಿದ ಆಟಗಾರನನ್ನು ಉಳಿದ ತಂಡಗಳು ಕೇಳಬಹುದು. ಸಾಲಿನಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಅವನನ್ನು 40ರ ಹೊರಗಿಟ್ಟು ಮೈನರ್ ಲೀಗ್‌ಗೆ ಕಳಿಸಬಹುದು. ಒಂದು ಸಂಜೆಯ ತೊಂದರೆ ನೀಗಿಸಲು ಹೋಗಿ ನಾಲ್ಕು ವರ್ಷ ಬೆಳೆಸಿದ ಆಟಗಾರನನ್ನು ಎದುರಾಳಿಗೆ ಒಪ್ಪಿಸಿದಂತಾಗುವ ಅಪಾಯ ಸದಾ ಇದ್ದೇ ಇದೆ.

ಹೆಸರು 40ರಲ್ಲಿದ್ದರೂ ಎಲ್ಲರೂ ಒಂದೇ ಅಲ್ಲ. ಪ್ರತಿ ಆಟಗಾರನಿಗೂ ಸಾಮಾನ್ಯವಾಗಿ ಮೂರು ‘ಆಪ್ಷನ್’ ವರ್ಷಗಳಿರುತ್ತವೆ. ಆ ಮೂರು ಋತುಗಳಲ್ಲಿ ತಂಡ ಅವನನ್ನು ವೇವರ್‌ನ ಭಯವಿಲ್ಲದೆ ಕೆಳಕ್ಕೆ ಕಳಿಸಿ ಮತ್ತೆ ಕರೆಸಿಕೊಳ್ಳಬಹುದು. ಹಿಂದೆ ಇದಕ್ಕೆ ಮಿತಿಯಿರಲಿಲ್ಲ. ಕೆಲವು ರಿಲೀವರ್‌ಗಳು ವಿಮಾನ ನಿಲ್ದಾಣದಲ್ಲೇ ಬೇಸಿಗೆ ಕಳೆಯುತ್ತಿದ್ದರು ಅನ್ನಬೇಕು. ಆಟಗಾರರ ಸಂಘದೊಡನೆ ಆದ 2022ರ ಒಪ್ಪಂದದಿಂದೀಚೆಗೆ ಒಂದು ಋತುವಿನಲ್ಲಿ ಐದು ಸಲ ಮಾತ್ರ ಹಾಗೆ ಕಳಿಸಬಹುದು. ಕೆಳಕ್ಕೆ ಹೋದ ಪಿಚರ್ 15 ದಿನ ಅಲ್ಲೇ ಇರಬೇಕು, ಗಾಯಾಳುವೊಬ್ಬನ ಬದಲಿಗೆ ಕರೆಸಿಕೊಂಡರೆ ಮಾತ್ರ ವಿನಾಯಿತಿ. ನಮ್ಮ ಉದಾಹರಣೆಯ ತಂಡಕ್ಕೆ ಈ ವಿನಾಯಿತಿ ಸಿಗುತ್ತದೆ. ಮೊಣಕೈ ನೋವಿನಲ್ಲೂ ಒಂದು ಅನುಕೂಲ ಇತ್ತೆನ್ನಿ!

ಹೀಗಾಗಿ ಸಮಬಲದ ಇಬ್ಬರಲ್ಲಿ ಆಪ್ಷನ್ ಉಳಿದಿರುವವನು ಕೆಳಕ್ಕೂ, ಮುಗಿದಿರುವವನು ಮೇಲೂ ಇರುವುದು ಸಾಮಾನ್ಯ. ತುಸು ಕಡಿಮೆ ಸಾಮರ್ಥ್ಯದವನೇ ಮೇಲುಳಿಯುವುದೂ ಉಂಟು. ಪ್ರೇಕ್ಷಕನಿಗೆ ಇದು ಅನ್ಯಾಯ, ಕೆಲವೊಮ್ಮೆ ಮೂರ್ಖತನ. ಕಚೇರಿಯಲ್ಲಿರುವವನಿಗೆ ಮಾತ್ರ ಇಬ್ಬರನ್ನೂ ಉಳಿಸಿಕೊಳ್ಳುವ ಒಂದೇ ದಾರಿ ಅದು.

ಇಷ್ಟಾದ ಮೇಲೆ ದಿನಗಳ ಲೆಕ್ಕ. ಆಟಗಾರ 26ರಲ್ಲಿ ಅಥವಾ ಮೇಜರ್ ಲೀಗ್‌ನ ಗಾಯಾಳು ಪಟ್ಟಿಯಲ್ಲಿ ಇದ್ದ ಪ್ರತಿ ದಿನವೂ ಅವನ ಸೇವಾವಧಿಗೆ ಸೇರುತ್ತದೆ. ಋತುವಿಗೆ ಸುಮಾರು 187 ದಿನ. ಅದರಲ್ಲಿ 172 ದಿನ ತುಂಬಿದರೆ ಒಂದು ವರ್ಷ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಸಿಗುವುದು ಕನಿಷ್ಠ ವೇತನ ಅಥವಾ ಅದರ ಆಸುಪಾಸು. 2025ರಲ್ಲಿ ಅದು 7,60,000 ಡಾಲರ್. ಮೂರು ವರ್ಷ ತುಂಬಿದವನು ಸಂಬಳದ ವಿಚಾರವನ್ನು ಮಧ್ಯಸ್ಥಗಾರರ ಮುಂದೆ ಒಯ್ಯಬಹುದು. ಆರು ವರ್ಷ ತುಂಬಿದರೆ ಅವನು ಸ್ವತಂತ್ರ, ಯಾವ ತಂಡದೊಡನೆಯಾದರೂ ಚೌಕಾಸಿ ಮಾಡಬಹುದು. ಈ ಸ್ವಾತಂತ್ರ್ಯ ಸುಮ್ಮನೆ ದಕ್ಕಿದ್ದಲ್ಲ. ಕಾರ್ಡಿನಲ್ಸ್‌ನವರೇ ಆದ ಕರ್ಟ್ ಫ್ಲಡ್, ತನ್ನನ್ನು ಕೇಳದೆ 1969ರಲ್ಲಿ ಫಿಲಡೆಲ್ಫಿಯಾಕ್ಕೆ ವಿನಿಮಯ ಮಾಡಿದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋದರು, 1972ರಲ್ಲಿ ಸೋತರು. ಆಟಗಾರರಿಗೆ ಬಾಗಿಲು ತೆರೆದದ್ದು 1975ರ ಡಿಸೆಂಬರ್‌ನಲ್ಲಿ, ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕೊಟ್ಟ ತೀರ್ಪಿನಿಂದ.

ಒಂದು ದಿನದ ಬೆಲೆ ಎಷ್ಟೆಂದು ತಿಳಿಯಲು 2015ರ ಕ್ರಿಸ್ ಬ್ರಯಂಟ್ ಪ್ರಕರಣ ಸಾಕು. ಋತುಪೂರ್ವದ ಅಭ್ಯಾಸ ಪಂದ್ಯಗಳಲ್ಲಿ ಒಂಬತ್ತು ಹೋಮ್ ರನ್ ಹೊಡೆದ ಹುಡುಗನನ್ನು ಷಿಕಾಗೊ ಕಬ್ಸ್ ತಂಡ ಮೈನರ್ ಲೀಗ್‌ಗೆ ಕಳಿಸಿತು, ಏಪ್ರಿಲ್ 17ರಂದು ಕರೆಸಿಕೊಂಡಿತು. ಆ ವರ್ಷದ ಕೊನೆಗೆ ಅವನ ಲೆಕ್ಕದಲ್ಲಿ ಕೂಡಿದ್ದು 171 ದಿನ. ಸ್ವತಂತ್ರನಾಗುವುದು ಒಂದಿಡೀ ವರ್ಷ ಮುಂದಕ್ಕೆ ಹೋಯಿತು. ದೂರು ಕೊಟ್ಟ ಬ್ರಯಂಟ್ 2020ರಲ್ಲಿ ಸೋತರು. ಕಸುಬಿನ ದೃಷ್ಟಿಯಿಂದ ಇದು ಅಚ್ಚುಕಟ್ಟು. ಆಟದ ದೃಷ್ಟಿಯಿಂದ ನನಗೇನೂ ಚೆಂದ ಕಾಣಿಸುವುದಿಲ್ಲ. 2022ರ ಒಪ್ಪಂದ ಇದಕ್ಕೊಂದು ಮದ್ದು ಹುಡುಕಿದೆ: ವರ್ಷದ ಅತ್ಯುತ್ತಮ ಹೊಸಬನ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವನಿಗೆ ಪೂರ್ಣ ವರ್ಷದ ಸೇವೆ ಸಲ್ಲುತ್ತದೆ. 2024ರಲ್ಲಿ ಮೇ ತಿಂಗಳಲ್ಲಿ ಮೇಲಕ್ಕೆ ಬಂದ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್‌ಗೆ ಹೀಗೆ ಇಡೀ ವರ್ಷ ದಕ್ಕಿತು.

ಹಣದ ವಿಷಯಕ್ಕೆ ಬಂದರೆ, ಐಪಿಎಲ್ ನೋಡಿದವರಿಗೆ ತಂಡದ ಖರ್ಚಿಗೆ ಒಂದು ಗೆರೆ ಇರುತ್ತದೆ, ಅದನ್ನು ದಾಟುವಂತಿಲ್ಲ ಎಂಬುದು ಗೊತ್ತು. ಬೇಸ್‌ಬಾಲ್‌ನಲ್ಲಿ ಗೆರೆ ಇದೆ, ದಾಟಲೂಬಹುದು, ದಂಡ ತೆರಬೇಕು ಅಷ್ಟೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಮೊದಲ ವರ್ಷ ದಾಟಿದರೆ ಹೆಚ್ಚುವರಿ ಮೊತ್ತದ ಮೇಲೆ ಶೇ 20 ತೆರಿಗೆ, ಸತತ ಎರಡನೆಯ ವರ್ಷ ಶೇ 30, ಮೂರನೆಯದರಿಂದ ಶೇ 50. ತೀರಾ ಮೇಲೆ ಹೋದರೆ ಇನ್ನಷ್ಟು. ಒಂದು ವರ್ಷ ಗೆರೆಯ ಕೆಳಗಿಳಿದರೆ ಲೆಕ್ಕ ಮತ್ತೆ ಶೇ 20ರಿಂದ ಶುರು. ಆದ್ದರಿಂದ ಶ್ರೀಮಂತ ತಂಡಗಳೂ ಎಂದಾದರೊಂದು ವರ್ಷ ಬೇಕೆಂದೇ ಕೈ ಬಿಗಿ ಮಾಡುತ್ತವೆ.

ತೆರಿಗೆಗೆ ಹಿಡಿಯುವುದು ಆ ವರ್ಷ ಕೈಗೆ ಕೊಟ್ಟ ಸಂಬಳವನ್ನಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಐದು ವರ್ಷಕ್ಕೆ 10 ಕೋಟಿ ಡಾಲರ್ ಎಂದರೆ ಪ್ರತಿ ವರ್ಷ ಎರಡು ಕೋಟಿ. ಮೊದಲ ವರ್ಷ ಅರ್ಧ ಕೋಟಿಯನ್ನಷ್ಟೇ ಕೊಟ್ಟರೂ ಲೆಕ್ಕ ಬದಲಾಗದು. ಮುಂದೂಡಿದ ಹಣವನ್ನು ಮಾತ್ರ ಇಂದಿನ ಮೌಲ್ಯಕ್ಕೆ ಇಳಿಸಿ ಎಣಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ತಂಡವು ಶೋಹೇ ಒಟಾನಿ ಅವರೊಡನೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಹಾಕಿತಷ್ಟೆ. ಅದರಲ್ಲಿ 68 ಕೋಟಿಯನ್ನು 2034ರಿಂದ 2043ರವರೆಗೆ ಕೊಡುತ್ತದೆ. ಆಡುವ ಅವಧಿಯಲ್ಲಿ ವರ್ಷಕ್ಕೆ 20 ಲಕ್ಷ ಮಾತ್ರ. ತೆರಿಗೆಯ ಲೆಕ್ಕದಲ್ಲಿ ಅವರು ವರ್ಷಕ್ಕೆ ಏಳು ಕೋಟಿಯ ಆಟಗಾರರಲ್ಲ, ಸುಮಾರು 4.6 ಕೋಟಿಯವರು. ಉಳಿದ ಅವಕಾಶವನ್ನು ಡಾಜರ್ಸ್ ಇತರರ ಮೇಲೆ ಖರ್ಚು ಮಾಡಿತು.

ಆದರೆ ಎಷ್ಟೇ ಹಣವಿದ್ದರೂ 26 ಜಾಗಗಳನ್ನೂ ಕೊಂಡೇ ತುಂಬುವುದು ಆಗದ ಮಾತು. ಕಡಿಮೆ ಸಂಬಳದ ಎಳೆಯರು ಬೇಕು, ಅವರನ್ನು ಬೆಳೆಸಬೇಕು. ಇದನ್ನು ಮೊದಲು ಕ್ರಮಬದ್ಧವಾಗಿ ಮಾಡಿದವರು ಕಾರ್ಡಿನಲ್ಸ್‌ನ ಬ್ರ್ಯಾಂಚ್ ರಿಕಿ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ತಂಡ ಬಡವಾಗಿತ್ತು. ಚಿಕ್ಕ ಊರಿನ ತಂಡಗಳಲ್ಲಿ ಒಳ್ಳೆಯ ಹುಡುಗ ಕಂಡರೆ ನ್ಯೂಯಾರ್ಕಿನ ಧನಿಕರು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಿದ್ದರು. ರಿಕಿ ಆ ಚಿಕ್ಕ ತಂಡಗಳನ್ನೇ ಒಂದೊಂದಾಗಿ ಕೊಳ್ಳತೊಡಗಿದರು. ನೂರಾರು ಹುಡುಗರು ಒಂದೇ ಪದ್ಧತಿಯಲ್ಲಿ ಕಲಿತು ಮೆಟ್ಟಿಲು ಹತ್ತಿ ಬರುವ ಏರ್ಪಾಡು ಹೀಗೆ ಹುಟ್ಟಿತು. 1926ರಲ್ಲಿ ತಂಡ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. ಮುಂದೆ ಎಲ್ಲರೂ ಈ ದಾರಿಯನ್ನೇ ಹಿಡಿದರು.

ಇಂದು ಪ್ರತಿ ತಂಡಕ್ಕೂ ನಾಲ್ಕು ಮೆಟ್ಟಿಲುಗಳಲ್ಲಿ ನಾಲ್ಕು ತಂಡ. ಕಾರ್ಡಿನಲ್ಸ್‌ಗೆ ಕೆಳಗಿನಿಂದ ಎಣಿಸಿದರೆ ಫ್ಲಾರಿಡಾದ ಪಾಮ್ ಬೀಚ್, ಇಲಿನಾಯ್‌ನ ಪಿಯೋರಿಯಾ, ಮಿಸೌರಿಯ ಸ್ಪ್ರಿಂಗ್‌ಫೀಲ್ಡ್, ಕೊನೆಗೆ ಮೆಂಫಿಸ್. ಇದಕ್ಕೂ ಕೆಳಗೆ ಫ್ಲಾರಿಡಾ, ಅರಿಜೋನಾದ ತರಬೇತಿ ಶಿಬಿರಗಳು, ಡೊಮಿನಿಕನ್ ಗಣರಾಜ್ಯದಲ್ಲಿ ಹದಿನಾರು ಹದಿನೇಳರ ಹುಡುಗರ ತಂಡಗಳು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ 2008ರಲ್ಲಿ ಸಹಿ ಹಾಕಿಸಿಕೊಂಡ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಕಾಲಿಟ್ಟದ್ದೂ ಫ್ಲಾರಿಡಾದ ಇಂಥ ಕೆಳಮೆಟ್ಟಿಲಿಗೇ. ರಿಂಕು ಅಲ್ಲಿಂದ ಮೇಲೇರಿ ವೆಸ್ಟ್ ವರ್ಜೀನಿಯಾದ ತಂಡದವರೆಗೆ ಹೋದರು, ಆಮೇಲೆ ಗಾಯ ಬಿಡಲಿಲ್ಲ.

ಮೆಟ್ಟಿಲುಗಳ ಮೇಲಿನ ಬದುಕು ಬಿರುಸಿನದು. ಕೆಳಹಂತಗಳಲ್ಲಿ ರಾತ್ರಿಯಿಡೀ ಬಸ್ ಪ್ರಯಾಣ. 2023ರ ಮೊದಲು ಅಲ್ಲಿ ವರ್ಷಕ್ಕೆ ಸಿಗುತ್ತಿದ್ದುದು 11,000 ಡಾಲರ್‌ನ ಆಸುಪಾಸು. ಮೈನರ್ ಲೀಗ್ ಆಟಗಾರರು 2022ರಲ್ಲಿ ಆಟಗಾರರ ಸಂಘ ಸೇರಿದ ಮೇಲೆ ಅದು 26,200ಕ್ಕೆ, ಮೇಲಿನ ಮೆಟ್ಟಿಲಲ್ಲಿ 35,800ಕ್ಕೆ ಏರಿತು. ಮೆಂಫಿಸ್‌ನಿಂದ ಕರೆ ಬಂದು ಸೇಂಟ್ ಲೂಯಿಸ್ ಸೇರಿದವನಿಗೆ ಅಲ್ಲಿದ್ದಷ್ಟು ದಿನ ದಿನಕ್ಕೆ 4,000 ಡಾಲರ್‌ಗೂ ಹೆಚ್ಚು. 43 ದಿನ ತುಂಬಿದರೆ ಪಿಂಚಣಿಯ ಹಕ್ಕೂ ಉಂಟು.

ಅವನು ಮೇಲೆ ಹೋದ ರಾತ್ರಿ ಮೆಂಫಿಸ್‌ನಲ್ಲಿ ಒಂದು ಜಾಗ ಖಾಲಿ. ಸ್ಪ್ರಿಂಗ್‌ಫೀಲ್ಡ್‌ನಿಂದ ಒಬ್ಬ ಅಲ್ಲಿಗೆ, ಪಿಯೋರಿಯಾದಿಂದ ಇನ್ನೊಬ್ಬ ಸ್ಪ್ರಿಂಗ್‌ಫೀಲ್ಡ್‌ಗೆ. ಸಿದ್ಧನಿಲ್ಲದ ಹುಡುಗನನ್ನು ಅವಸರಕ್ಕೆ ಮೇಲೇರಿಸಿದರೆ ಅವನ ಕಲಿಕೆ ಕೆಡುತ್ತದೆ. ಆದ್ದರಿಂದಲೇ ಮೇಲಿನ ಮೆಟ್ಟಿಲಲ್ಲಿ ಮೂವತ್ತು ದಾಟಿದ, ಮತ್ತೆಂದೂ ಮೇಜರ್ ಲೀಗ್ ಕಾಣದಿರಬಹುದಾದ ಅನುಭವಿಗಳನ್ನು ಇಟ್ಟುಕೊಂಡಿರುತ್ತಾರೆ. ಹೊಡೆತವನ್ನು ಅವರು ತಡೆದುಕೊಳ್ಳುತ್ತಾರೆ, ಎಳೆಯರು ತಮ್ಮ ಗತಿಯಲ್ಲಿ ಬೆಳೆಯುತ್ತಾರೆ.

ಈ ಕಸುಬಿನ ಅತಿ ಕಠಿಣ ದಿನ ಬರುವುದು ಆಟವೆಲ್ಲ ಮುಗಿದ ನವೆಂಬರ್‌ನಲ್ಲಿ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದವನು ಐದು ಋತು, ದೊಡ್ಡವನಾಗಿ ಬಂದವನು ನಾಲ್ಕು ಋತು ಕಳೆದಿದ್ದರೆ, ಅವನನ್ನು 40ರಲ್ಲಿ ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನ ‘ರೂಲ್ 5’ ಆಯ್ಕೆಯಲ್ಲಿ ಬೇರೆ ಯಾವ ತಂಡವಾದರೂ ಒಂದು ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು. ಇಪ್ಪತ್ತೊಂದರ ಹುಡುಗ, ಗಂಟೆಗೆ 158 ಕಿ.ಮೀ. ವೇಗದಲ್ಲಿ ಎಸೆಯುತ್ತಾನೆ, ಚೆಂಡು ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿಲ್ಲ. ಸೇರಿಸಿದರೆ ಒಂದು ಜಾಗ ಹೋಯಿತು, ಕೆಳಗೆ ಕಳಿಸುವ ವರ್ಷಗಳೂ ಇಂದಿನಿಂದ ಸವೆಯತೊಡಗುತ್ತವೆ. ಬಿಟ್ಟರೆ ಹುಡುಗನೇ ಹೋಗಬಹುದು.

ಹೋದವರಿದ್ದಾರೆ. 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡ ಪೋರ್ಟೊ ರಿಕೊದ ಹುಡುಗನೊಬ್ಬನಿಗೆ ಸಹಿ ಹಾಕಿಸಿ, ಜಾಗವಿಲ್ಲವೆಂದು ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಇಟ್ಟಿತ್ತು. ಆ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಅವನನ್ನು 4,000 ಡಾಲರ್‌ಗೆ ಎತ್ತಿಕೊಂಡಿತು. ಆ ಹುಡುಗ ರಾಬರ್ಟೊ ಕ್ಲೆಮೆಂಟೆ. ಪಿಟ್ಸ್‌ಬರ್ಗ್‌ನಲ್ಲಿ 18 ಋತು ಆಡಿ 3,000 ಹಿಟ್ ಗಳಿಸಿದರು. ಆಗ ಪಿಟ್ಸ್‌ಬರ್ಗ್‌ನ ಜನರಲ್ ಮ್ಯಾನೇಜರ್ ಆಗಿದ್ದವರು, ಡಾಜರ್ಸ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಅದೇ ಬ್ರ್ಯಾಂಚ್ ರಿಕಿ.

ಎತ್ತಿಕೊಂಡವರ ಪಾಡೂ ಸುಲಭವಲ್ಲ. ಹಾಗೆ ತಂದ ಹುಡುಗನನ್ನು ಮುಂದಿನ ಋತು ಪೂರ್ತಿ 26ರಲ್ಲೇ ಇಟ್ಟುಕೊಳ್ಳಬೇಕು. ಕೆಳಗೆ ಕಳಿಸಬೇಕೆಂದರೆ ಮೊದಲು ಅರ್ಧ ಬೆಲೆಗೆ ಹಳೆಯ ತಂಡಕ್ಕೇ ಮರಳಿ ಕೊಡಲು ಮುಂದಾಗಬೇಕು. ಬಹುಪಾಲು ಹುಡುಗರು ಹಾಗೆ ಮರಳುತ್ತಾರೆ. 1999ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ತಂಡ ಹೊರಗುಳಿಸಿದ್ದ 20ರ ಹರೆಯದ ವೆನಿಜುವೆಲಾದ ಪಿಚರ್ ಯೋಹಾನ್ ಸಂತಾನ, ಫ್ಲಾರಿಡಾ ತಂಡದ ಮೂಲಕ ಮಿನೆಸೋಟ ಸೇರಿದರು. ಕೆಳಗಿನ ಎ ದರ್ಜೆಯಿಂದ ನೇರ ಮೇಲಕ್ಕೆ ಬಂದವರು. 2000ದ ಋತುವಿನಲ್ಲಿ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್‌ಗಳ ಸರಾಸರಿ 6.49, ಗೆಲ್ಲಬೇಕೆಂದು ಹೊರಟ ತಂಡ ತಿಂಗಳೊಪ್ಪತ್ತಿನಲ್ಲಿ ವಾಪಸು ಕಳಿಸುತ್ತಿತ್ತು. ಮಿನೆಸೋಟ ಆ ವರ್ಷ 93 ಪಂದ್ಯ ಸೋತಿತು. ಅಂಥ ತಂಡಕ್ಕೆ ಒಂದು ಜಾಗವನ್ನು ಕಲಿಯುವವನಿಗೆ ಬಿಟ್ಟುಕೊಡುವುದು ಸಾಧ್ಯವಿತ್ತು, ಬಿಟ್ಟುಕೊಟ್ಟಿತು. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸಂತಾನ 2004ರಲ್ಲೂ 2006ರಲ್ಲೂ ಪಡೆದರು, ಎರಡು ಸಲವೂ ಮಿನೆಸೋಟದ ಅಂಗಿ ತೊಟ್ಟು.