ಗೂಡನ್ನು ಒಲ್ಲದ ಚಿನ್ನಿ

ಗೆಟ್ಟವಾಡಿಯಂಥ ಊರಿನಲ್ಲಿ ರಾತ್ರಿ ಹೊತ್ತು ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕುವುದೆಂದರೆ ಚಿರತೆಗೆ ಎಲೆ ಹಾಕಿ ಬಡಿಸಿದಂತೆಯೇ ಸರಿ. ತಾಳವಾಡಿ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸುತ್ತಲಿನ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದದ್ದು 2013ರಲ್ಲಿ. ಚಿರತೆಯಾದರೋ ಅದಕ್ಕೂ ಬಹು ಹಿಂದಿನಿಂದ ಇಲ್ಲಿಯದೇ. ಕೆಲಸ ನಿಂತುಹೋದ ಕಲ್ಲು ಕ್ವಾರಿಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಆಡು, ಕುರಿ, ನಾಯಿಗಳನ್ನು ಅರಸಿ ಬರುತ್ತದೆ. ಮಹಾರಾಷ್ಟ್ರದ ಅಕೋಲೆ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಲದ್ದಿಯನ್ನು ಪರೀಕ್ಷಿಸಿ ನೋಡಿದಾಗ, ಅಲ್ಲಿಯ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 39ರಷ್ಟು ನಾಯಿಯೇ ಇತ್ತಂತೆ.

ನಮ್ಮ ಹಳೆಯ ನಾಯಿ ಹೋದದ್ದೂ ಹೀಗೆಯೇ. ಬೆಳಿಗ್ಗೆ ಎದ್ದು ನೋಡಿದರೆ ಕಂಬದಲ್ಲಿ ಸರಪಣಿ ಮಾತ್ರ ಉಳಿದಿತ್ತು. ಕಟ್ಟದೆ ಬಿಟ್ಟಿದ್ದರೆ ಓಡಿಯಾದರೂ ಬದುಕುತ್ತಿತ್ತೇನೋ ಎಂಬ ಕೊರಗು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಚಾಮರಾಜನಗರದ ನೆಂಟರು ಎರಡು ತಿಂಗಳ ಬಿಳಿಯ ಪೊಮೆರೇನಿಯನ್ ಮರಿಯೊಂದನ್ನು ಕೊಟ್ಟಾಗ, ಇದು ಮನೆಯೊಳಗೇ, ಗೂಡಿನಲ್ಲೇ ಮಲಗಬೇಕೆಂದು ನಿಶ್ಚಯಿಸಿದೆವು. ಬೆಳೆಯುವ ಮರಿಯಲ್ಲವೇ ಎಂದು ಮೂರೂವರೆ ಅಡಿ ಉದ್ದದ ಕಬ್ಬಿಣದ ಗೂಡನ್ನು ಮಾಡಿಸಿದೆವು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲದಿಂದ ದಪ್ಪ ಸ್ಪಂಜಿನ ಹಾಸಿಗೆ ತಂದೆವು. ಗೂಡನ್ನು ಉಗ್ರಾಣದ ಕೋಣೆಯಲ್ಲಿರಿಸಿ ಬಾಗಿಲು ಹಾಕಿ ಮಲಗಿದೆವು.

ಮಲಗಿದೆವು ಎನ್ನುವುದು ಮಾತಿಗೆ ಅಷ್ಟೆ. ಚಿನ್ನಿ ಬೆಳಗಿನವರೆಗೂ ಅತ್ತಿತು. ನಮ್ಮ ಅಜ್ಜಿ, ನಾಯಿಯನ್ನು ಹೊಸಿಲು ದಾಟಿಸಿದ್ದಕ್ಕೇ ಮುನಿಸಿಕೊಂಡಿದ್ದವರು, ನಡುರಾತ್ರಿ ಎದ್ದು ಬಂದು, "ಏನ್ ತಪ್ಪು ಮಾಡ್ತು ಅಂತ ಅದ್ನ ಜೈಲಿಗ ಹಾಕಿದ್ದೀರಿ?" ಎಂದು ಕೇಳಿದರು. ಬೆಳಿಗ್ಗೆ ನೋಡಿದರೆ ಹಾಸಿಗೆಯ ಒಂದು ತುದಿ ತೊಪ್ಪೆಯಾಗಿತ್ತು. ವಾರದೊಳಗೆ ಅದನ್ನು ಹರಿದು ಸ್ಪಂಜಿನ ಚೂರುಗಳನ್ನು ನುಂಗತೊಡಗಿತು. ಸ್ಪಂಜು ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯಬೇಕಾದೀತೆಂದು ಪಶುವೈದ್ಯರು ಎಚ್ಚರಿಸಿದರು.

ನಮ್ಮ ತಪ್ಪುಗಳು ಒಂದೊಂದಾಗಿ ತಿಳಿದುಬಂದುವು. ನಾಯಿಯು ತಾನು ಮಲಗುವ ಜಾಗವನ್ನು ಹೊಲಸು ಮಾಡಲು ಒಲ್ಲದು. ಆದರೆ ಗೂಡು ದೊಡ್ಡದಾದರೆ ಒಂದು ಮೂಲೆ ಬಚ್ಚಲು, ಇನ್ನೊಂದು ಮೂಲೆ ಮಲಗುವ ಮನೆ ಎಂದು ತಾನೇ ಪಾಲು ಮಾಡಿಕೊಳ್ಳುತ್ತದೆ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಮಾತ್ರ ಬಿಟ್ಟು ಹಲಗೆಯೊಂದನ್ನು ಅಡ್ಡ ನಿಲ್ಲಿಸಿದೆವು. ಅದು ಬೆಳೆದಂತೆ ಹಲಗೆಯನ್ನು ಹಿಂದಕ್ಕೆ ಸರಿಸಿದೆವು. ಎರಡನೆಯದಾಗಿ, ತಾಯಿಯ ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಕೂಸನ್ನು ಒಮ್ಮೆಗೇ ಒಂಟಿಯಾಗಿ ಕತ್ತಲೆಯ ಕೋಣೆಗೆ ತಳ್ಳಿದ್ದೆವು. ಗೂಡನ್ನು ಅಜ್ಜಿಯ ಮಂಚದ ಪಕ್ಕಕ್ಕೆ ತಂದಿರಿಸಿದೆವು. ಹಗಲು ಬಾಗಿಲು ತೆರೆದಿಟ್ಟು ಊಟವನ್ನು ಒಳಗೇ ಇಟ್ಟೆವು. ಉಣ್ಣುವಾಗ ಬಾಗಿಲನ್ನು ಒಂದು ಗಳಿಗೆ ಮುಚ್ಚುವುದು, ಅಳುವ ಮೊದಲೇ ತೆರೆಯುವುದು. ಹೀಗೆ ದಿನಕ್ಕಿಷ್ಟು ಹೊತ್ತು ಹೆಚ್ಚಿಸುತ್ತ ಬಂದೆವು. ತಪ್ಪು ಮಾಡಿದಾಗ ಶಿಕ್ಷೆಯೆಂದು ಗೂಡಿಗೆ ಹಾಕಕೂಡದೆಂದು ಮಕ್ಕಳಿಗೆ ಕಟ್ಟುನಿಟ್ಟು ಮಾಡಿದೆವು. ಕೊರಳಪಟ್ಟಿ ಸರಳಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುವುದರಿಂದ ಅದನ್ನು ಬಿಚ್ಚಿಯೇ ಒಳಗೆ ಬಿಡುತ್ತೇವೆ.

ಇನ್ನು ನಡುರಾತ್ರಿಯ ಪ್ರಶ್ನೆ. ಮರಿಗೆ ಎಷ್ಟು ತಿಂಗಳೋ, ಹೆಚ್ಚುಕಡಮೆ ಅಷ್ಟೇ ಗಂಟೆ ಅದು ಉಚ್ಚೆ ತಡೆದೀತು. ಹೊರಗೆ ಕರೆದೊಯ್ಯಿರಿ ಎನ್ನುತ್ತವೆ ಪುಸ್ತಕಗಳು. ಅವನ್ನು ಬರೆದವರು ಗೆಟ್ಟವಾಡಿಯಲ್ಲಿ ಇರುವವರಲ್ಲ! ಹಿತ್ತಿಲ ಬಾಗಿಲ ಒಳಗಡೆಯೇ ಗಾರೆಯವರ ಹಳೆಯ ಬಾಂಡ್ಲಿಯಲ್ಲಿ ಮಣ್ಣು ತುಂಬಿಸಿಟ್ಟು, ಗಡಿಯಾರಕ್ಕೆ ಗಂಟೆ ಕೊಟ್ಟು, ಸರದಿಯಂತೆ ಎದ್ದು ಅಲ್ಲಿಗೆ ಬಿಟ್ಟೆವು. ಒಂದೆರಡು ತಿಂಗಳು ನಿದ್ದೆಗೇಡು. ಆಮೇಲೆ ಅದೂ ತಪ್ಪಿತು. ಕೆಲವರು ಗೂಡನ್ನು ಜಗಲಿಯ ಮೇಲಿಡುತ್ತಾರೆ. ತೆಳುವಾದ ತಂತಿಬಲೆ ಚಿರತೆಯ ಪಂಜಕ್ಕೆ ಲೆಕ್ಕವೇ ಅಲ್ಲ; ಗೋಡೆ, ಬಾಗಿಲುಗಳ ಒಳಗಿದ್ದರೆ ಮಾತ್ರ ಗೂಡು ಗೂಡು.

ಹಾಸಿಗೆಯದು ಬೇರೆಯೇ ಕಥೆ. ರಾಗಿಹುಲ್ಲು ಹಾಕಿದೆವು, ಕೆದಕಿ ಮನೆತುಂಬ ಚೆಲ್ಲಿತು, ಒದ್ದೆಯಾದ ಹುಲ್ಲು ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಗೋಣಿಚೀಲ ಹಾಕಿದೆವು, ನಾರನ್ನು ಎಳೆದೆಳೆದು ನುಂಗಿತು. ಕೊನೆಗೆ ಅಜ್ಜಿಯೇ, ಮುನಿಸು ಯಾವಾಗ ಇಳಿದಿತ್ತೋ ತಿಳಿಯದು, ತಾವು ಉಟ್ಟು ಹಳತಾದ ನೂಲಿನ ಸೀರೆಯನ್ನು ಎಂಟು ಮಡಿಕೆ ಮಾಡಿ, ಅಂಚು ಸಿಗದಂತೆ ಒತ್ತಾಗಿ ಹೊಲಿದು ಕೊಟ್ಟರು. ಸೀರೆಯಲ್ಲಿ ಮನೆಯವರ ಮೈವಾಸನೆ ಇದ್ದುದೇ ದೊಡ್ಡ ಔಷಧವಾಯಿತು. ಮಾರ್ಗಶಿರ, ಪುಷ್ಯದ ಚಳಿಗೆ ಸಿಮೆಂಟು ನೆಲ ಮಂಜಿನಂತಾಗುವುದರಿಂದ ಕೆಳಗೆ ಎರಡು ಬೆರಳೆತ್ತರದ ಹಲಗೆ ಹಾಕಿದ್ದೇವೆ. ಹಗಲು ಕಚ್ಚಲು ಗಟ್ಟಿ ರಬ್ಬರಿನ ಚೆಂಡು ಕೊಟ್ಟ ಮೇಲೆ ಹರಿಯುವುದೂ ಕಡಮೆಯಾಯಿತು. ಹಲ್ಲು ಮೂಡುವ ಕಾಲದ ನವೆ ಅದು.

ಉಣ್ಣೆ, ಚಿಗಟ ಬಾರದಿರಲೆಂದು ಹಾಸಿಗೆಯ ಮಡಿಕೆಯಲ್ಲಿ ನುಸಿಗುಳಿಗೆ ಇಡುವ ರೂಢಿ ಹಲವು ಮನೆಗಳಲ್ಲಿದೆ. ದಯವಿಟ್ಟು ಇಡಬೇಡಿ, ನುಂಗಿದರೆ ನಾಯಿಗೆ ಅದು ವಿಷ. ಫಿನಾಯಿಲಿನಿಂದ ಗೂಡು ಒರೆಸುವುದೂ ಒಳ್ಳೆಯದಲ್ಲ, ಅಂಗಾಲಿಗೆ ಅಂಟಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ. ಸೋಪಿನ ನೀರು, ಕಡುಬಿಸಿಲು ಸಾಕು. ಉಚ್ಚೆಯ ವಾಸನೆ ಪೂರ್ತಿ ಹೋಗಬೇಕು. ಇಲ್ಲವಾದರೆ ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಒಗೆದ ಮೇಲೆ ವಿನಿಗರ್ ಬೆರೆಸಿದ ನೀರಿನಲ್ಲಿ ಅದ್ದಿದರೆ ಹೋಗುತ್ತದೆ. ದೊಡ್ಡದಾದ ನಾಯಿ ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆಮಾಡತೊಡಗಿದರೆ ಬಯ್ಯದೆ ವೈದ್ಯರಿಗೆ ತೋರಿಸಬೇಕು. ಮೂತ್ರದ ಸೋಂಕು ಇದ್ದೀತು.

ಈಗ ಎಂಟು ಗಂಟೆಯಾಯಿತೆಂದರೆ ಚಿನ್ನಿ ತಾನಾಗಿಯೇ ಒಳಹೊಕ್ಕು ಮೂರು ಸುತ್ತು ಸುತ್ತಿ ಮಲಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವಾದ್ದರಿಂದ ಎರಡು ಹಾಸಿಗೆ ಸಾಲದಾಗಿವೆ. ಮೂರನೆಯದಕ್ಕಾಗಿ ಅಜ್ಜಿ ಇನ್ನೊಂದು ಸೀರೆಯನ್ನು ಉಡುತ್ತಿದ್ದಾರೆ.