ಕಡಿದ ಮರಕ್ಕೆ ನೀರುಣಿಸುವ ಕೆಲಸ

ಅಮೆರಿಕದ ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಬೆಳೆಯುವ ಫ್ರೇಜರ್ ಫರ್ ಮರಕ್ಕೆ ಕ್ರಿಸ್‌ಮಸ್ ಹೊತ್ತಿನಲ್ಲಿ ಬಲು ಬೇಡಿಕೆ. ಅದರ ಎಲೆ ಚಪ್ಪಟೆಯಾದ ಸಣ್ಣ ಸೂಜಿ. ಮಗುಚಿ ನೋಡಿದರೆ ಅಡಿಯಲ್ಲಿ ಬೆಳ್ಳಿಬಣ್ಣದ ಎರಡು ಗೆರೆ. ಆಳೆತ್ತರ ಮೀರಲು ಈ ಮರಕ್ಕೆ ಹೆಚ್ಚುಕಡಿಮೆ ಹತ್ತು ವರ್ಷ ಬೇಕು. ರೈತರು ಬೇಸಿಗೆಯಲ್ಲಿ ಉದ್ದ ಕತ್ತಿ ಹಿಡಿದು ಕೊಂಬೆಗಳ ತುದಿ ಸವರಿ ಅದಕ್ಕೆ ಗೋಪುರದ ಆಕಾರ ತರುತ್ತಾರೆ. ಅಷ್ಟು ಆರೈಕೆಯಿಂದ ಬೆಳೆದ ಮರವನ್ನು ಹೀಟರ್ ಉರಿಯುವ ಮನೆಯೊಳಗೆ ಮೂರು ನಾಲ್ಕು ವಾರ ಹಸಿರಾಗಿ ಉಳಿಸಿಕೊಳ್ಳುವುದು ಕೊಂಡವರ ಪಾಲಿನ ಕಸುಬು.

ಕೊಳ್ಳುವಾಗಲೇ ಕೊಂಬೆಯೊಂದನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಜಾರಿಸಿ ನೋಡಬೇಕು. ಹಸಿರು ಎಲೆ ಉದುರಬಾರದು. ಒಳಗಡೆಯ ಕಂದು ಎಲೆ ಉದುರಿದರೆ ಚಿಂತೆಯಿಲ್ಲ, ಅದು ಹಳೆಯದು.

ಬೇರು ಹೋದರೂ ಮರ ನೀರು ಕುಡಿಯುವುದನ್ನು ಬಿಡುವುದಿಲ್ಲ. ಎಲೆಗಳಿಂದ ತೇವ ಆವಿಯಾದಂತೆ ಕಾಂಡದೊಳಗಿನ ನೀರು ಮೇಲಕ್ಕೇರುತ್ತದೆ. ಆದರೆ ಕಡಿದ ಮುಖ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ತೊಗಟೆಯ ರಾಳ ಅದರ ಮೇಲೆ ಹರಡಿ ಗಟ್ಟಿಯಾಗುತ್ತದೆ, ತುಂಡಾದ ಕೊಳವೆಗಳಿಗೆ ಗಾಳಿ ನುಗ್ಗುತ್ತದೆ. ಇಲ್ಲಿ ಮರದ ರಚನೆಯೇ ನೆರವಿಗೆ ಬರುತ್ತದೆ, ನನಗೆ ಅತ್ಯಂತ ಸೋಜಿಗವೆನಿಸುವುದೂ ಇದೇ. ಫರ್ ಮರದ ನೀರಿನ ಕೊಳವೆಗಳು ಒಂದೊಂದೂ ಕೆಲವೇ ಮಿಲಿಮೀಟರ್ ಉದ್ದ. ಪಕ್ಕದ ಕೊಳವೆಗೆ ನೀರು ದಾಟುವ ಕಿಂಡಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿಲ್ಲೆಗಳಿವೆ. ಒಂದು ಕೊಳವೆಗೆ ಗಾಳಿ ಹೊಕ್ಕರೆ ಬಿಲ್ಲೆ ಕಿಂಡಿಗೆ ಒತ್ತಿಕೊಂಡು ಮುಂದಿನ ಕೊಳವೆಯನ್ನು ಕಾಯುತ್ತದೆ. ಕೆಟ್ಟದ್ದು ಬುಡದ ಹತ್ತಿರವೇ ನಿಲ್ಲುತ್ತದೆ.

ಆದ್ದರಿಂದಲೇ ಮನೆಗೆ ತಂದ ಕೂಡಲೇ ಗರಗಸದಿಂದ ಬುಡದ ಒಂದಂಗುಲದ ಬಿಲ್ಲೆ ಕೊಯ್ದು ತೆಗೆದರೆ ಸಾಕು, ತಾಜಾ ಮರ ತೆರೆದುಕೊಳ್ಳುತ್ತದೆ. ಕೊಯ್ತ ನೇರವಾಗಿರಬೇಕು. ಓರೆಯಾಗಿ ಕೊಯ್ದರೆ ಹೆಚ್ಚು ನೀರು ಹೀರುತ್ತದೆಂಬುದು ನಿಜವಲ್ಲ, ಮರ ನಿಲ್ಲಿಸುವುದೂ ಕಷ್ಟ. ಮರ ನಿಲ್ಲಿಸಿ ನೀರು ತುಂಬುವ ಸ್ಟ್ಯಾಂಡಿನ ಬಾಯಿ ಕಿರಿದೆಂದು ಬುಡದ ಸುತ್ತ ಕೆತ್ತಿ ಸಣ್ಣದು ಮಾಡಲೇಬಾರದು. ನೀರನ್ನು ಹೆಚ್ಚಾಗಿ ಒಯ್ಯುವುದು ತೊಗಟೆಗೆ ತಾಗಿದ ಹೊರಪದರಗಳೇ.

ಬುಡದ ಅಡ್ಡಳತೆಯ ಅಂಗುಲಕ್ಕೆ ದಿನಕ್ಕೊಂದು ಲೀಟರ್ ನೀರು ಎಂಬುದು ರೂಢಿಯ ಲೆಕ್ಕ. ನಾಲ್ಕಂಗುಲದ ಬುಡಕ್ಕೆ ನಾಲ್ಕು ಲೀಟರ್ ಹಿಡಿಯುವ ಸ್ಟ್ಯಾಂಡೇ ಬೇಕು. ನಲ್ಲಿಯ ನೀರು ಸಾಕು. ಸಕ್ಕರೆ, ಆಸ್ಪಿರಿನ್ ಬೆರೆಸುವವರಿದ್ದಾರೆ. ಆದರೆ ಕಡಿದ ಕ್ರಿಸ್‌ಮಸ್ ಮರಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಸಲಹೆ ಬರೀ ನೀರು. ಎಚ್ಚರ ಬೇಕಾದದ್ದು ಮಟ್ಟದ ಬಗ್ಗೆ. ಕೊಯ್ದ ಮುಖದಿಂದ ನೀರು ಕೆಳಗಿಳಿದು ಒಣಗಿತೋ, ಮತ್ತೆ ಕೊಯ್ಯಬೇಕು. ದೀಪ, ಗೊಂಬೆ, ನಕ್ಷತ್ರವೆಲ್ಲ ಕಟ್ಟಿಯಾದ ಮೇಲೆ ಅದು ಎಂಥ ಪಾಡು! ಹಾಗಾಗಿ ಬಲ್ಲವರು ಬೆಳಿಗ್ಗೆ, ಸಂಜೆ ಮಂಡಿಯೂರಿ ಕೊಂಬೆಗಳ ಅಡಿಗೆ ಕೈ ತೂರಿಸಿ, ಬೆರಳದ್ದಿ ಮಟ್ಟ ನೋಡುತ್ತಾರೆ.

ಹೀಟರ್, ಅಗ್ಗಿಷ್ಟಿಕೆಗಳಿಂದ ಮರ ದೂರವಿರಲಿ. ಹೆಚ್ಚು ಬಿಸಿಯಾಗದ ಎಲ್‌ಇಡಿ ದೀಪವೇ ಇರಲಿ. ಎಲೆ ಮುಟ್ಟಿದರೆ ಗರಿಗರಿಯಾಗಿ ಮುರಿಯತೊಡಗಿದಾಗ ಬೆಂಕಿ ಹತ್ತುವ ಭಯವಿದೆ, ಅಂದೇ ಹೊರಗೆ ಸಾಗಿಸಬೇಕು. ಎಷ್ಟೋ ಊರುಗಳಲ್ಲಿ ಜನವರಿಯಲ್ಲಿ ಇಂಥ ಮರಗಳನ್ನು ಒಟ್ಟುಮಾಡಿ, ಯಂತ್ರಕ್ಕೆ ಕೊಟ್ಟು ಚೂರು ಮಾಡಿ, ತೋಟದ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹರಡುತ್ತಾರೆ.